ಕೋಳಿಗಳ ಕರುಳುಬೇನೆಗೆ ಹಿತ್ತಿಲಿನ ಮೂಲಿಕೆಗಳು

ಮಂಗಳೂರು ನಗರದ ಅಂಚಿನ ಗ್ರಾಮಗಳಲ್ಲಿ ಆಟಿ ತಿಂಗಳ ಮಳೆ ಹಿಡಿದೊಡನೆ ಕೋಳಿಗೂಡುಗಳಲ್ಲಿ ಭೇದಿಯ ಬೇನೆಯು ಕಾಣಿಸಿಕೊಳ್ಳುವುದು ವರ್ಷವರ್ಷದ ಅನುಭವವಾಗಿದೆ. ಹಿಂದಿನ ದಿನ ಕೆದಕಿ ಮೇಯುತ್ತಿದ್ದ ಮರಿಯು ಮರುದಿನ ರೆಕ್ಕೆಗಳನ್ನು ಜೋಲುಬಿಟ್ಟು ಮೂಲೆಯಲ್ಲಿ ತೂಕಡಿಸುತ್ತ ನಿಲ್ಲುವುದು. ಹಿಕ್ಕೆಯಲ್ಲಿ ರಕ್ತವು ಕಾಣುವುದು. ಕೆಲವೇ ದಿನಗಳಲ್ಲಿ ಗೂಡಿನ ಅರ್ಧ ಮರಿಗಳು ನಾಶವಾಗುವುದೂ ಉಂಟು. ಕೋರಿರೊಟ್ಟಿಯ ನಾಡಾದ ಈ ಸೀಮೆಯಲ್ಲಿ ಊರಕೋಳಿಗೆ ಗಿರಾಕಿಯ ಕೊರತೆಯಿಲ್ಲ. ಹೀಗಿರುವಲ್ಲಿ ನಷ್ಟವು ಬಹುಮಟ್ಟಿಗೆ ತಟ್ಟುವುದು ಮೊಟ್ಟೆಯ ಕಾಸನ್ನು ನಂಬಿದ ಮನೆಯ ಹೆಂಗಸರಿಗೆ. ಯಜಮಾನರ ಲೆಕ್ಕದ ಪುಸ್ತಕದಲ್ಲಿ ಅದು ಬರುವುದೇ ಇಲ್ಲ.

ಇಂಥ ಸಮಯದಲ್ಲಿ ಔಷಧದ ಅಂಗಡಿಯಿಂದ ಆಂಟಿಬಯೋಟಿಕ್ ಪುಡಿಯೊಂದನ್ನು ತಂದು ನೀರಿಗೆ ಕಲಸಿ ಎಲ್ಲ ಕೋಳಿಗಳಿಗೂ ಕುಡಿಸುವ ಪದ್ಧತಿಯು ಬಳಕೆಗೆ ಬಂದಿದೆ. ಆದರೆ ರಕ್ತಭೇದಿಯನ್ನುಂಟುಮಾಡುವ ಐಮೇರಿಯವೆಂಬುದು ಬ್ಯಾಕ್ಟೀರಿಯವಲ್ಲ. ಕರುಳಿನ ಗೋಡೆಯೊಳಗೆ ಹೊಕ್ಕು ವೃದ್ಧಿಯಾಗುವ ಏಕಕಣದ ಪರೋಪಜೀವಿ. ಸಾಮಾನ್ಯ ಆಂಟಿಬಯೋಟಿಕ್ಕುಗಳು ಅದನ್ನು ಕೊಲ್ಲಲಾರವು. ಅದು ಕೆಡಿಸಿದ ಕರುಳಿನಲ್ಲಿ ಅನಂತರ ಕ್ಲಾಸ್ಟ್ರಿಡಿಯಂ ಎಂಬ ಬ್ಯಾಕ್ಟೀರಿಯವು ಬೆಳೆದು ಕರುಳುಕೊಳೆಯುವ ಬೇನೆಯನ್ನು ತರುವುದುಂಟು. ಒಂದು ಬೇನೆಯ ಬೆನ್ನಿಗೆ ಮತ್ತೊಂದು ಬರುವುದರಿಂದಲೇ ಜನರಿಗೆ ಇವುಗಳ ಭೇದ ತಿಳಿಯದೆ ಹೋಗಿದೆ.

ಕೋಳಿಗಳು ಬೇಗ ಕೊಬ್ಬಲೆಂದು ನಿತ್ಯದ ಆಹಾರದಲ್ಲಿಯೇ ಈ ಔಷಧಗಳನ್ನು ಅಲ್ಪವಾಗಿ ಬೆರೆಸುವ ರೂಢಿಯು ಸುಮಾರು ೧೯೫೦ರಲ್ಲಿ ಅಮೆರಿಕದಲ್ಲಿ ಮೊದಲಾಗಿ ಲೋಕವೆಲ್ಲ ಹಬ್ಬಿತು. ಅಲ್ಪಪ್ರಮಾಣಕ್ಕೆ ಸಾಯದೆ ಉಳಿದ ಬ್ಯಾಕ್ಟೀರಿಯಗಳು ಔಷಧವನ್ನು ತಡೆದುಕೊಳ್ಳುವ ಶಕ್ತಿಯನ್ನು ಪಡೆದು, ಹಿಕ್ಕೆ, ನೀರು, ಮಾಂಸಗಳ ಮೂಲಕ ಮನುಷ್ಯರನ್ನೂ ಸೇರುವುವೆಂದು ಕಂಡುಬಂದುದರಿಂದ, ಸ್ವೀಡನ್ ದೇಶವು ೧೯೮೬ರಲ್ಲಿಯೂ ಐರೋಪ್ಯ ಒಕ್ಕೂಟವು ೨೦೦೬ರ ಜನವರಿ ೧ರಿಂದಲೂ ಈ ರೂಢಿಯನ್ನು ನಿಲ್ಲಿಸಿದುವು. ಮನುಷ್ಯರಿಗೆ ಕಟ್ಟಕಡೆಯ ಆಸರೆಯಾದ ಕೊಲಿಸ್ಟಿನ್ ಎಂಬ ಔಷಧವನ್ನು ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಕೊಡಕೂಡದೆಂದು ಭಾರತ ಸರ್ಕಾರವು ೨೦೧೯ರಲ್ಲಿ ಆಜ್ಞೆ ಮಾಡಿತು.

ಹಾಗಾದರೆ ಬದಲಿಗೆ ಏನು? ದಕ್ಷಿಣ ಕನ್ನಡದ ಹಿತ್ತಿಲುಗಳಲ್ಲಿಯೇ ಇದಕ್ಕೆ ಉತ್ತರದ ಒಂದು ಭಾಗವು ಬೆಳೆಯುತ್ತಿದೆ. ತಂಬುಳಿಗೆಂದು ಬಾವಿಕಟ್ಟೆಯ ಬಳಿ ನೆಟ್ಟಿರುವ ಸಾಂಬ್ರಾಣಿ ಸೊಪ್ಪಿನಲ್ಲಿ, ಎಂದರೆ ದೊಡ್ಡಪತ್ರೆಯಲ್ಲಿ, ಕಾರ್ವಕ್ರೋಲ್, ಥೈಮೋಲ್ ಎಂಬ ಸುಗಂಧತೈಲಗಳಿವೆ. ಇವು ಬ್ಯಾಕ್ಟೀರಿಯದ ಮೇಲ್ಪೊರೆಯನ್ನು ಹರಿದು ಅದರೊಳಗಿನ ಸಾರವು ಸೋರಿಹೋಗುವಂತೆ ಮಾಡುತ್ತವೆ. ಓಮದ ಗುಣವೂ ಥೈಮೋಲಿನದೇ. ಬೆಳ್ಳುಳ್ಳಿಯಲ್ಲಿ ರೋಗಾಣುವನ್ನು ತಡೆಯುವ ಅಲಿಸಿನ್ ಎಂಬುದು ಇಡೀ ಎಸಳಿನಲ್ಲಿ ಇರುವುದಿಲ್ಲ, ಜಜ್ಜಿದಾಗ ಹುಟ್ಟುತ್ತದೆ. ಆದುದರಿಂದ ಅದನ್ನು ಹಸಿಯಾಗಿ ಜಜ್ಜಿ ಕೂಡಲೇ ಕೊಡತಕ್ಕದ್ದು. ಮೊದಲೇ ಬೇಯಿಸಿ ಕೊಟ್ಟರೆ ಆ ಗುಣವು ಬಹುಪಾಲು ಹುಟ್ಟುವುದೇ ಇಲ್ಲ. ಅರಸಿನದ ಸಂಗತಿಯು ಸ್ವಾರಸ್ಯವಾದುದು. ಅದರ ಕುರ್ಕುಮಿನ್ ರಕ್ತಕ್ಕೆ ಬಲು ಕಡಮೆ ಸೇರುವುದನ್ನು ವೈದ್ಯರು ಒಂದು ಕುಂದೆಂದು ಎಣಿಸುವರು. ಕರುಳುಬೇನೆಗೆ ಅದೇ ಅನುಕೂಲ, ಏಕೆಂದರೆ ಅದು ಬೇನೆಯಿರುವ ಕರುಳಿನಲ್ಲಿಯೇ ಉಳಿಯುವುದು. ಒಂದು ಕಿಲೋ ಆಹಾರಕ್ಕೆ ೫ರಿಂದ ೧೦ ಗ್ರಾಂ ಪುಡಿಯನ್ನು ಬೆರೆಸಬಹುದು. ಪೇಟೆಯ ಪುಡಿಗೆ ಬಣ್ಣವನ್ನು ಬೆರೆಸುವವರಿರುವುದರಿಂದ ಕೊಂಬನ್ನು ಮನೆಯಲ್ಲಿಯೇ ಕುಟ್ಟಿಕೊಳ್ಳುವುದು ಲೇಸು. ದಾಳಿಂಬೆಯ ಸಿಪ್ಪೆಯ ಒಗರು ಭೇದಿಯನ್ನು ಹಿಡಿದುನಿಲ್ಲಿಸಬಲ್ಲುದು. ಅತಿಯಾದರೆ ಆಹಾರದ ಸತ್ತ್ವವನ್ನೂ ಹಿಡಿದುಬಿಡುವುದರಿಂದ ಮರಿಗಳು ಬೆಳೆಯವು.

ಈ ಮೂಲಿಕೆಗಳು ಬೇನೆ ಬರುವ ಮುನ್ನ, ಮಳೆಯ ಮೊದಲ ವಾರಗಳಿಂದಲೇ ಕೊಟ್ಟರೆ ಕರುಳನ್ನು ಬಲಪಡಿಸಲು ನೆರವಾಗಬಲ್ಲುವು; ರಕ್ತಭೇದಿ ಹತ್ತಿದ ಗೂಡನ್ನು ಇವುಗಳಿಂದಲೇ ಉಳಿಸುವೆನೆಂದು ಕೂತರೆ ಮರಿಗಳು ಕೈಬಿಟ್ಟಾವು. ಆಗ ಪಶುವೈದ್ಯರು ಹೇಳುವ ಆಂಪ್ರೋಲಿಯಂ ಮೊದಲಾದ ಐಮೇರಿಯನಾಶಕವನ್ನು ಹೇಳಿದ ಅಳತೆಯಲ್ಲಿಯೇ ಕೊಡಬೇಕು.

ಮೂಲಿಕೆಗಿಂತ ಹೆಚ್ಚಿನದು ನೆಲದ ಒಣಗು. ಹಿಕ್ಕೆಯೊಡನೆ ಬಿದ್ದ ಐಮೇರಿಯದ ಬೀಜಕಣವು ಒಡನೆಯೇ ಬೇನೆಯನ್ನು ಅಂಟಿಸಲಾರದು. ತೇವವೂ ಬೆಚ್ಚಗೂ ಸಿಕ್ಕಿದರೆ ಒಂದೆರಡು ದಿನಗಳಲ್ಲಿ ಪಕ್ವವಾಗುವುದು. ಕರಾವಳಿಯ ಮಳೆಗಾಲವು ಈ ಎರಡನ್ನೂ ಧಾರಾಳವಾಗಿ ಒದಗಿಸುತ್ತದೆ. ಆದ್ದರಿಂದ ಗೂಡಿನ ಮಾಡನ್ನು ಮುಂದಕ್ಕೆ ಚಾಚಿ ಇರಿಚಲು ಒಳಬಾರದಂತೆ ಮಾಡಿ, ನೆಲಕ್ಕೆ ಉಮಿಯನ್ನೋ ಮರದ ಹುಡಿಯನ್ನೋ ದಪ್ಪವಾಗಿ ಹಾಸಿ, ಅದನ್ನು ದಿನವೂ ಕೆದಕಿ ತಿರುವಿಹಾಕಬೇಕು. ಹಾಸನ್ನು ಮುಷ್ಟಿಯಲ್ಲಿ ಹಿಂಡಿ ಬಿಟ್ಟಾಗ ಉಂಡೆಯಾಗಿಯೇ ಉಳಿದರೆ ತೇವ ಮಿತಿಮೀರಿತೆಂದು ತಿಳಿಯತಕ್ಕದ್ದು; ಆ ಭಾಗವನ್ನು ತೆಗೆದು ಒಣಗಿದುದನ್ನು ಹಾಕಬೇಕು. ಒದ್ದೆಯಾಗುವುದು ಹೆಚ್ಚಾಗಿ ನೀರಿನ ಪಾತ್ರೆಯ ಸುತ್ತಲೇ. ಅದನ್ನು ಎರಡು ಇಟ್ಟಿಗೆಗಳ ಮೇಲಿಟ್ಟರೆ ಅರ್ಧ ತೊಂದರೆ ನೀಗುವುದು. ಮರಿಗಳನ್ನು ದೊಡ್ಡ ಕೋಳಿಗಳೊಡನೆ ಬಿಡಕೂಡದು: ದೊಡ್ಡವು ಬೇನೆಯಿಲ್ಲದಂತೆ ಕಂಡರೂ ಬೀಜಕಣಗಳನ್ನು ಉದುರಿಸುತ್ತಿರುವುವು.

ಎಲ್ಲ ಭೇದಿಯೂ ರಕ್ತಭೇದಿಯಲ್ಲ. ಹಸುರು ಹಿಕ್ಕೆ, ಏದುಸಿರು, ತಿರುಚಿದ ಕತ್ತು ಇವು ಕಂಡರೆ ಅದು ರಾಣಿಕೇತ ಬೇನೆಯಾಗಿರಬಹುದು. ವೈರಸ್ಸಿನಿಂದ ಬರುವ ಇದಕ್ಕೆ ಸೊಪ್ಪೂ ಸಾಲದು, ಆಂಟಿಬಯೋಟಿಕ್ಕೂ ಸಾಲದು. ಮೊದಲ ವಾರದಲ್ಲಿ ಲಸೋಟ ಲಸಿಕೆಯನ್ನೂ ಸುಮಾರು ಎಂಟನೆಯ ವಾರದಲ್ಲಿ ಆರ್‌೨ಬಿ ಲಸಿಕೆಯನ್ನೂ ಹಾಕಿಸುವುದೇ ಮಾರ್ಗ. ಗ್ರಾಮಪ್ರಮುಖರು ಹತ್ತು ಮನೆಗಳ ಕೋಳಿಗಳನ್ನು ಒಂದೇ ದಿನ ಕೂಡಿಸಿಕೊಟ್ಟರೆ ಒಂದು ಸೀಸೆ ಲಸಿಕೆಯು ವ್ಯರ್ಥವಾಗದೆ ಸರಿಹೋಗುವುದು.

ಸಂಶಯವಿದ್ದಲ್ಲಿ ಆಗತಾನೆ ಸತ್ತ ಒಂದು ಮರಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು, ಮಂಜುಗಡ್ಡೆಯ ಮೇಲಿಟ್ಟು, ಅದೇ ದಿನ ಪಶು ಆಸ್ಪತ್ರೆಗೆ ಒಯ್ಯಬೇಕು. ಹೊಟ್ಟೆಯನ್ನು ಬಿಡಿಸಿದಾಗ ಜೋಡಿ ಕುರುಡುಕರುಳುಗಳು ರಕ್ತದಿಂದ ಉಬ್ಬಿದ್ದರೆ ಐಮೇರಿಯವೇ ಕಾರಣವೆಂದು ವೈದ್ಯರು ಬಹುಮಟ್ಟಿಗೆ ಅಲ್ಲಿಯೇ ಹೇಳಬಲ್ಲರು. ಸತ್ತ ಉಳಿದ ಮರಿಗಳನ್ನು ತೋಡಿಗೆ ಎಸೆಯದೆ, ಬಾವಿಯಿಂದ ದೂರದಲ್ಲಿ ಆಳವಾಗಿ ಗುಂಡಿ ತೆಗೆದು ಸುಣ್ಣ ಹರವಿ ಹೂಳತಕ್ಕದ್ದು.