ಕೆಲಸ ಬಿಡದೆ ಲಾ ಓದಬಹುದೇ? ಎರಡು ಸೀಟು ಕೈಲಿದ್ದಾಗ ಹಾಕಬೇಕಾದ ಲೆಕ್ಕ

‘ಡಿಗ್ರಿ ಆಗಿದೆ, ಕೆಲಸವೂ ಇದೆ. ಪಾರ್ಟ್‌ಟೈಮ್‌ನಲ್ಲಿ ಎಲ್‌ಎಲ್‌ಬಿ ಮಾಡಿಕೊಂಡುಬಿಟ್ಟರೆ ಮುಂದೆ ಕೋರ್ಟಿಗೆ ಹೋಗಬಹುದು.’ ಈ ಮಾತನ್ನು ನಾವೆಲ್ಲ ಕೇಳಿದ್ದೇವೆ. ಇದು ಎಷ್ಟು ನಿಜ?

ನೇರವಾಗಿ ಹೇಳಿಬಿಡೋಣ: ಭಾರತದಲ್ಲಿ ವಕೀಲಿಕೆಗೆ ದಾರಿ ಮಾಡಿಕೊಡುವ ಪಾರ್ಟ್‌ಟೈಮ್ ಎಲ್‌ಎಲ್‌ಬಿ ಇಲ್ಲ. ಅಂಚೆ ತೆರಪಿನದ್ದೂ ಇಲ್ಲ. ಬಾರ್ ಕೌನ್ಸಿಲ್ ಆಫ್ ಇಂಡಿಯಾ 2008ರಲ್ಲಿ ತಂದ ಕಾನೂನು ಶಿಕ್ಷಣ ನಿಯಮಗಳ ಪ್ರಕಾರ ರೆಗ್ಯುಲರ್ ಕೋರ್ಸ್ ಎಂದರೆ ದಿನಕ್ಕೆ ಕನಿಷ್ಠ 5 ಗಂಟೆ, ವಾರಕ್ಕೆ ಕನಿಷ್ಠ 30 ಗಂಟೆ. ವಸತಿ ಕಾಲೇಜು ಅಲ್ಲದಿದ್ದರೆ ಪಾಠ ಬೆಳಿಗ್ಗೆ 8ರಿಂದ ಸಂಜೆ 7ರೊಳಗೆ ಮುಗಿಯಬೇಕು. ಆಫೀಸು ಮುಗಿಸಿ ರಾತ್ರಿ ಕಾಲೇಜಿಗೆ ಹೋಗಿ ವಕೀಲರಾದ ಹಿಂದಿನ ತಲೆಮಾರಿನ ಕತೆಗಳು ಸುಳ್ಳೇನಲ್ಲ, ಆದರೆ ಆ ದಾರಿ ಈಗ ಮುಚ್ಚಿದೆ.

ಹಾಜರಾಗದೆ ಪಡೆದ ಪದವಿಯಿಂದ ಏನಾಗುತ್ತದೆ ಎಂಬುದಕ್ಕೆ ಸುಪ್ರೀಂ ಕೋರ್ಟಿನಲ್ಲೇ ಉದಾಹರಣೆ ಇದೆ. 1989ರ ಬಲದೇವ್ ರಾಜ್ ಶರ್ಮಾ ಪ್ರಕರಣದಲ್ಲಿ ಅರ್ಜಿದಾರರು ಮೊದಲ ಎರಡು ವರ್ಷದ ಓದನ್ನು ಖಾಸಗಿ ಅಭ್ಯರ್ಥಿಯಾಗಿ ಮುಗಿಸಿ, ಮೂರನೆಯ ವರ್ಷವನ್ನು ಮಾತ್ರ ರೆಗ್ಯುಲರ್ ಆಗಿ ಓದಿದ್ದರು. ಅವರು ವಕೀಲರಾಗಿ ನೋಂದಾಯಿಸಿಕೊಳ್ಳಲು ಅರ್ಹರಲ್ಲ ಎಂದು ಕೋರ್ಟ್ ಹೇಳಿತು. ಪರೀಕ್ಷೆ ಪಾಸಾಗಿದ್ದರೂ ಕರಿ ಕೋಟು ಸಿಗಲಿಲ್ಲ.

ಈಗ ಹರಿಹರ ತಾಲ್ಲೂಕಿನ ಭಾನುವಳ್ಳಿಯ ಪದವೀಧರೆಯೊಬ್ಬಳನ್ನು ಊಹಿಸಿಕೊಳ್ಳೋಣ. ಹರಿಹರದಲ್ಲಿ ಕೆಲಸ, ಮನೆಯಲ್ಲಿ ಭತ್ತದ ಗದ್ದೆ, ತಿಂಗಳ ಸಂಬಳದ ಮೇಲೆ ಮನೆಯವರ ಕಣ್ಣು. ಅವಳ ಕೈಲಿ ಎರಡು ಸೀಟುಗಳಿವೆ. ಒಂದು ದಾವಣಗೆರೆಯಲ್ಲಿ, ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜಿನದು. ಇನ್ನೊಂದು ಬೆಂಗಳೂರಿನ ದೊಡ್ಡ ಹೆಸರಿನ ಸಂಸ್ಥೆಯದು. ‘ಹೆಸರಿರುವ ಕಡೆಗೇ ಹೋಗು’ ಎನ್ನುವುದು ನೆಂಟರ ಸಲಹೆ. ನಮ್ಮ ಪ್ರಕಾರ ಮೊದಲು ನೋಡಬೇಕಾದದ್ದು ಹೆಸರಲ್ಲ, ಟೈಮ್‌ಟೇಬಲ್.

ಏಕೆಂದರೆ ಹಾಜರಾತಿಯ ನಿಯಮ ಮೇಲುನೋಟಕ್ಕೆ ಕಾಣುವಷ್ಟು ಸಡಿಲವಲ್ಲ. ಶೇ. 70 ಎಂದರೆ ವಾರದ 30 ಗಂಟೆಯಲ್ಲಿ 21 ಗಂಟೆ; ಹೇಗೋ ಹೊಂದಿಸಬಹುದು ಎನಿಸುತ್ತದೆ. ಆದರೆ ಈ ಶೇ. 70 ಪ್ರತಿಯೊಂದು ವಿಷಯಕ್ಕೂ ಬೇರೆ ಬೇರೆಯಾಗಿ ಬೇಕು. ಬಸ್ಸು ತಡವಾಗಿ ದಿನವೂ ಮೊದಲ ಪೀರಿಯಡ್ ತಪ್ಪುತ್ತಿದ್ದರೆ, ಅಲ್ಲಿ ಪದೇ ಪದೇ ಬರುವ ವಿಷಯವೊಂದು ಕೈಬಿಟ್ಟುಹೋಗುತ್ತದೆ, ಒಟ್ಟು ಹಾಜರಾತಿ ಶೇ. 80 ಇದ್ದರೂ. ಅಸಾಧಾರಣ ಕಾರಣವಿದ್ದರೆ ಒಂದು ವಿಷಯದಲ್ಲಿ ಶೇ. 65ರವರೆಗೆ ರಿಯಾಯಿತಿ ಕೊಡಲು ಅವಕಾಶವಿದೆ, ಆಗಲೂ ಎಲ್ಲ ವಿಷಯ ಸೇರಿ ಶೇ. 70 ಇರಲೇಬೇಕು. ಪಾಳಿ ಬದಲಾಗುವ ಕಾರ್ಖಾನೆ ಕೆಲಸದವರಿಗೆ ಇದು ದೊಡ್ಡ ತೊಡಕು. ಕೆಲಸದ ಹೊತ್ತು ಖಚಿತವಾಗಿದ್ದು, ಪಾಠ ಮಧ್ಯಾಹ್ನಕ್ಕೇ ಮುಗಿಯುವುದಾದರೆ ದಾರಿ ಇದೆ.

2025ರ ನವೆಂಬರ್‌ನಲ್ಲಿ ದೆಹಲಿ ಹೈಕೋರ್ಟ್, ಹಾಜರಾತಿ ಕಡಿಮೆ ಎಂಬ ಕಾರಣಕ್ಕೆ ಕಾನೂನು ವಿದ್ಯಾರ್ಥಿಗಳನ್ನು ಪರೀಕ್ಷೆಯಿಂದ ತಡೆಯಬಾರದು ಎಂದು ಹೇಳಿ, ನಿಯಮಗಳನ್ನು ಮರುಪರಿಶೀಲಿಸುವಂತೆ ಬಾರ್ ಕೌನ್ಸಿಲ್‌ಗೆ ಸೂಚಿಸಿತು. ಇದನ್ನೇ ‘ಇನ್ನು ಕ್ಲಾಸಿಗೆ ಹೋಗಬೇಕಿಲ್ಲ’ ಎಂದು ಓದಿಕೊಂಡವರಿದ್ದಾರೆ. ಆ ಧೈರ್ಯದ ಮೇಲೆ ಮೂರು ವರ್ಷದ ಫೀಸು ಕಟ್ಟುವುದು ಬೇಡ.

ಕೆಲಸದ ವಿಷಯವನ್ನು ಮುಚ್ಚಿಡುವುದೂ ಈಗ ಕಷ್ಟ. ಬಾರ್ ಕೌನ್ಸಿಲ್ 2024ರ ಸೆಪ್ಟೆಂಬರ್‌ನ ಸುತ್ತೋಲೆಯಲ್ಲಿ, ಓದುವಾಗ ಉದ್ಯೋಗದಲ್ಲಿದ್ದರೆ ಅದನ್ನು ಘೋಷಿಸಬೇಕು, ಕೆಲಸ ಕೊಟ್ಟವರಿಂದ ನಿರಾಕ್ಷೇಪಣಾ ಪತ್ರ ತರಬೇಕು ಎಂದಿದೆ. ಕಾಲೇಜುಗಳಲ್ಲಿ ಬಯೋಮೆಟ್ರಿಕ್ ಹಾಜರಾತಿ ಇರಬೇಕೆಂದೂ ಅದೇ ಸುತ್ತೋಲೆ ಹೇಳುತ್ತದೆ. ಹಾಗಾಗಿ ಸೀಟು ಒಪ್ಪಿಕೊಳ್ಳುವ ಮೊದಲೇ ಮಾಲೀಕರ ಹತ್ತಿರ ಮಾತಾಡಿ ಎನ್ಓಸಿ ಕೇಳುವುದು ಒಳ್ಳೆಯದು. ಅವರು ಕೊಡುವುದಿಲ್ಲ ಎಂದರೆ ನಿಮ್ಮ ಲೆಕ್ಕವೇ ಬದಲಾಗುತ್ತದೆ.

ಬೆಂಗಳೂರಿನ ಸೀಟಿನದು ಬೇರೆ ಲೆಕ್ಕ. ನ್ಯಾಷನಲ್ ಲಾ ಸ್ಕೂಲ್ 2022ರಿಂದ ಮೂರು ವರ್ಷದ ಎಲ್‌ಎಲ್‌ಬಿ ನಡೆಸುತ್ತಿದೆ. ಅಂಥ ಕಡೆ ಸೀಟು ಸಿಕ್ಕವರಿಗೆ ದೊಡ್ಡ ಕಂಪನಿಗಳ, ಲಾ ಫರ್ಮ್‌ಗಳ ಬಾಗಿಲು ಬೇಗ ತೆರೆಯುತ್ತದೆ. ಆದರೆ ಅಲ್ಲಿ ಕೆಲಸ ಬಿಡಲೇಬೇಕು, ಹಾಸ್ಟೆಲ್, ಫೀಸು, ಸಾಲ ಎಲ್ಲ ಸೇರುತ್ತವೆ. ಫೀಸಿನ ಜೊತೆಗೆ ಕಳೆದುಕೊಳ್ಳುವ 36 ತಿಂಗಳ ಸಂಬಳವನ್ನೂ ಕೂಡಿಸಿ ನೋಡಿ. ಹರಿಹರ, ದಾವಣಗೆರೆ ಕೋರ್ಟುಗಳಲ್ಲೇ ಜಮೀನು, ಪಾಲು, ಚೆಕ್ ಬೌನ್ಸ್ ಕೇಸು ನಡೆಸುವ ಆಸೆಯಿದ್ದವರಿಗೆ, ಊರಿನ ಸೀನಿಯರ್ ವಕೀಲರ ಆಫೀಸಿನಲ್ಲಿ ರಜೆಯಲ್ಲಿ ಕೂತು ಕಲಿಯುವುದು ದೂರದ ಹೆಸರಿಗಿಂತ ಹೆಚ್ಚು ಉಪಯೋಗಕ್ಕೆ ಬರಬಹುದು.

ಅಮೆರಿಕದಲ್ಲಿ ಸಂಜೆ ಓದಿ ನಾಲ್ಕು ವರ್ಷದಲ್ಲಿ ಕಾನೂನು ಪದವಿ ಪಡೆಯುವ ವ್ಯವಸ್ಥೆ ಇದೆ. ಇಂಟರ್‌ನೆಟ್ಟಿನಲ್ಲಿ ಸಿಗುವ ‘ಪಾರ್ಟ್‌ಟೈಮ್ ಲಾ’ ಸಲಹೆಗಳಲ್ಲಿ ಹೆಚ್ಚಿನವು ಅಲ್ಲಿಯವು, ನಮ್ಮ ನಿಯಮಕ್ಕೆ ಹೊಂದುವುದಿಲ್ಲ. ನಮ್ಮಲ್ಲಿ ‘ವಾರಕ್ಕೊಮ್ಮೆ ಬಂದರೆ ಸಾಕು, ಉಳಿದದ್ದು ನಾವು ನೋಡಿಕೊಳ್ಳುತ್ತೇವೆ’ ಎನ್ನುವ ಮೂರನೆಯ ಸೀಟೊಂದು ಎಲ್ಲಿಂದಾದರೂ ಬಂದೇ ಬರುತ್ತದೆ. ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳಬೇಡಿ. ಉಳಿದ ಎರಡರಲ್ಲೂ ಆ ವರ್ಷಕ್ಕೆ ಬಾರ್ ಕೌನ್ಸಿಲ್ ಮಾನ್ಯತೆ ಇದೆಯೇ ಎಂದು ಬರಹದಲ್ಲಿ ಕೇಳಿ.

ಇನ್ನೊಂದು ಮಾತನ್ನು ಬಹಳ ಜನ ಕೊನೆಗೆ ತಿಳಿಯುತ್ತಾರೆ. ಪದವಿ ಬಂದ ಮೇಲೆ ಸಂಬಳದ ಪೂರ್ಣಾವಧಿ ಕೆಲಸ ಮತ್ತು ವಕೀಲಿಕೆ ಎರಡನ್ನೂ ಒಟ್ಟಿಗೆ ಮಾಡುವಂತಿಲ್ಲ. ಬಾರ್ ಕೌನ್ಸಿಲ್‌ನ 49ನೇ ನಿಯಮ ಅದನ್ನು ತಡೆಯುತ್ತದೆ. ಕೆಲಸ ಬಿಡುವ ಯೋಚನೆಯೇ ಇಲ್ಲದೆ, ಕಾನೂನಿನ ತಿಳಿವಳಿಕೆ ಮಾತ್ರ ಬೇಕಿದ್ದವರಿಗೆ ದೂರಶಿಕ್ಷಣದ ಡಿಪ್ಲೊಮಾಗಳಿವೆ. ಅವು ವಕೀಲರನ್ನಾಗಿ ಮಾಡುವುದಿಲ್ಲ, ಆದರೆ ಮನೆಯಲ್ಲೇ ಕೂತು ಓದಬಹುದು, ಸಂಬಳವೂ ನಿಲ್ಲುವುದಿಲ್ಲ.