ಉದ್ದ ಕೂದಲಿನ ನಾಯಿ: ಮುಖ ಒರೆಸಿದ್ರೆ ಸಾಲದು, ಒಣಗಿಸಲೂ ಬೇಕು

ಕಡೂರು: ಪಮೇರಿಯನ್, ಲಾಸಾ ಆಪ್ಸೊ, ಶಿಟ್ಸು... ಕಡೂರು, ತರೀಕೆರೆ, ಅಜ್ಜಂಪುರ ಪೇಟೆಗಳಲ್ಲೂ ಮನೆ ಜಗುಲಿ ಮೇಲೆ, ಅಂಗಡಿ ಮೆಟ್ಟಿಲ ಹತ್ತಿರ ಈ ಉದ್ದ ಕೂದಲಿನ ನಾಯಿಗಳು ಕಾಣುತ್ತವೆ. ನೋಡೋಕೆ ಚೆಂದ. ಆದ್ರೆ ಕಣ್ಣಿನ ಕೆಳಗೆ ಕಂದು ಗೆರೆ, ಗಡ್ಡದಲ್ಲಿ ಒಣಗಿದ ಮೊಸರನ್ನ, ಹತ್ತಿರ ಬಂದ್ರೆ ಕಮಟು ವಾಸನೆ. ‘ನಾಯಿ ಅಂದ್ಮೇಲೆ ಇದೆಲ್ಲ ಇರೋದೇ’ ಅಂತ ಬಿಟ್ಟರೆ ಕೆಲವೊಮ್ಮೆ ಕಣ್ಣೇ ಹೋಗಬಹುದು.

ಕಂದು ಗೆರೆ ಯಾಕೆ?

ನಾಯಿಯ ಕಣ್ಣೀರು ಮತ್ತು ಜೊಲ್ಲಿನಲ್ಲಿ ಪಾರ್ಫಿರಿನ್ ಎಂಬ ಅಂಶ ಇರುತ್ತದೆ. ಇದು ಕೂದಲಿನ ಮೇಲೆ ಉಳಿದಾಗ ತುಕ್ಕಿನ ಬಣ್ಣ ಬರುತ್ತದೆ. ಬಣ್ಣದಿಂದ ತೊಂದರೆ ಇಲ್ಲ. ತೊಂದರೆ ಇರೋದು ತೇವದಿಂದ. ಸದಾ ಒದ್ದೆ ಇರುವ ಚರ್ಮದಲ್ಲಿ ಬೂಷ್ಟು, ಬ್ಯಾಕ್ಟೀರಿಯಾ ಬೆಳೆದು ಕೆರೆತ, ಹುಣ್ಣು ಆಗುತ್ತದೆ. ಹುಣ್ಣಿನ ಮೇಲೆ ನೊಣ ಕೂತು ಮೊಟ್ಟೆ ಇಟ್ಟರೆ ಹುಳ ಬೀಳುತ್ತದೆ. ಮೂಗು ಚಪ್ಪಟೆ ಇರುವ ಶಿಟ್ಸು ತರಹದ ನಾಯಿಗಳಿಗೆ ಮೂಗಿನ ಮೇಲಿನ ಮಡಿಕೆಯಲ್ಲೇ ನೀರು ನಿಲ್ಲುತ್ತದೆ.

ನಮ್ಮ ಕಡೆ ಏನು ತೊಂದರೆ?

ಕಡೂರು ಬಯಲುಸೀಮೆಯಲ್ಲಿ ಬೇಸಿಗೆ ಗಾಳಿಗೆ ಧೂಳು. ತರೀಕೆರೆಯ ಲಕ್ಕವಳ್ಳಿ, ಲಿಂಗದಹಳ್ಳಿ ಕಡೆ ಮಳೆಗಾಲದಲ್ಲಿ ಕೂದಲು ಬೇಗ ಆರುವುದೇ ಇಲ್ಲ. ಅಜ್ಜಂಪುರದ ಈರುಳ್ಳಿ ಹೊಲದ ಬದುವಿನಲ್ಲಿ ಓಡಾಡಿ ಬಂದ ನಾಯಿಯ ಮುಖದಲ್ಲಿ ಉತ್ತರಾಣಿ ಬೀಜ, ಹುಲ್ಲಿನ ಮುಳ್ಳು ಸಿಕ್ಕಿಕೊಂಡಿರುತ್ತವೆ. ಮುಳ್ಳು ಕಣ್ಣಿಗೆ ಚುಚ್ಚಿದರೆ ಕಣ್ಣುಗುಡ್ಡೆ ಮೇಲೆ ಗಾಯ ಆಗುತ್ತದೆ.

ಅಂಗಡಿಯವರು ಇನ್ನೊಂದು ಗಮನಿಸಬೇಕು. ಸಿಮೆಂಟ್, ಸುಣ್ಣ, ಖಾರದಪುಡಿ ಮಾರುವ ಕಡೆ, ಹಿಟ್ಟಿನ ಗಿರಣಿ ಒಳಗೆ ನಾಯಿ ಕಟ್ಟಬೇಡಿ. ಸಿಮೆಂಟ್ ಅಥವಾ ಸುಣ್ಣ ಕಣ್ಣಿಗೆ ಬಿದ್ದರೆ ಉಜ್ಜದೆ, ತಡಮಾಡದೆ 15 ನಿಮಿಷ ಶುದ್ಧ ನೀರು ಸುರಿಯುತ್ತಾ ತೊಳೆದು ಡಾಕ್ಟರ ಹತ್ತಿರ ಕರೆದೊಯ್ಯಿರಿ.

ದಿನಾ ಹೀಗೆ ಮಾಡಿ

* ಕಾಯಿಸಿ ಆರಿಸಿದ ನೀರು ಸಾಕು. ಹತ್ತಿಯ ಎಳೆ ಕಣ್ಣಿಗೆ ಅಂಟಬಹುದು, ಮೆತ್ತನೆ ಹಳೇ ಪಂಚೆ ಬಟ್ಟೆ ಒಳ್ಳೇದು.
* ಕಣ್ಣಿನ ಮೂಲೆಯಿಂದ ಹೊರಗಡೆಗೆ ಒರೆಸಿ. ಒಂದೊಂದು ಕಣ್ಣಿಗೆ ಬೇರೆ ಬೇರೆ ಬಟ್ಟೆ. ಒಂದು ಕಣ್ಣಿನ ಸೋಂಕು ಇನ್ನೊಂದಕ್ಕೆ ಹೋಗಬಾರದು.
* ಗಟ್ಟಿಯಾದ ಪಿಸುರು ಕೀಳಬೇಡಿ. ಒದ್ದೆ ಬಟ್ಟೆ ಒಂದೆರಡು ನಿಮಿಷ ಒತ್ತಿ ಹಿಡಿದರೆ ತಾನೇ ಬಿಡುತ್ತದೆ.
* ಆಮೇಲೆ ಒಣ ಬಟ್ಟೆಯಿಂದ ಒತ್ತಿ ಒಣಗಿಸಿ. ಇದನ್ನೇ ಜನ ಬಿಡೋದು. ಮಡಿಕೆ ಬಿಡಿಸಿ, ಗಡ್ಡದ ಬುಡದವರೆಗೆ ಒಣಗಬೇಕು. ಹೇರ್ ಡ್ರೈಯರ್ ಬಿಸಿ ಗಾಳಿ ಮುಖಕ್ಕೆ ಬೇಡ.
* ಊಟ ಆದ ಮೇಲೆ ಗಡ್ಡ ಒರೆಸಿ. ಮುದ್ದೆ, ಹಾಲು-ಅನ್ನ ಅಂಟಿದರೆ ಬೇಗ ಹುಳಿ ವಾಸನೆ ಬರುತ್ತದೆ. ನೀರಿಗೆ ಅಗಲ ಬಾಯಿಯ ಬೋಗುಣಿ ಬದಲು ಸಣ್ಣ ಬಾಯಿಯ ಸ್ಟೀಲ್ ಬಟ್ಟಲಿಟ್ಟರೆ ಗಡ್ಡ ಕಡಿಮೆ ನೆನೆಯುತ್ತದೆ.
* ಕಣ್ಣಿಗೆ ಬೀಳುವ ಕೂದಲನ್ನು ತುದಿ ಮೊಂಡಾದ ಕತ್ತರಿಯಿಂದ, ಒಬ್ಬರು ತಲೆ ಹಿಡಿದುಕೊಂಡಾಗ ಮಾತ್ರ ಕತ್ತರಿಸಿ.
* ಕಿವಿ, ರೆಪ್ಪೆಯ ಸುತ್ತ ಉಣ್ಣೆ ಇದೆಯಾ ಅಂತಲೂ ಬೆರಳಾಡಿಸಿ ನೋಡಿ.

ಇವು ಬೇಡ

ಅರಿಶಿನ, ಜೇನುತುಪ್ಪ, ನಂದಿಬಟ್ಟಲು ರಸ ಕಣ್ಣಿಗೆ ಹಾಕಬೇಡಿ. ನಾವು ಹಚ್ಚಿಕೊಳ್ಳುವ ಸೋಪು, ಶಾಂಪೂ ಕೂಡ ಬೇಡ. ಬಣ್ಣ ಹೋಗಲಿ ಅಂತ ಹೈಡ್ರೋಜನ್ ಪೆರಾಕ್ಸೈಡ್ ಹಚ್ಚುವುದಂತೂ ಅಪಾಯ.

ಎಲ್ಲಕ್ಕಿಂತ ಮುಖ್ಯ, ಮನೆಯವರಿಗೆ ಬರೆದುಕೊಟ್ಟು ಉಳಿದ ಕಣ್ಣಿನ ಡ್ರಾಪ್ಸ್ ನಾಯಿಗೆ ಬಿಡಬೇಡಿ. ಕೆಲವು ಡ್ರಾಪ್ಸ್‌ನಲ್ಲಿ ಸ್ಟೀರಾಯ್ಡ್ ಇರುತ್ತದೆ. ಕಣ್ಣುಗುಡ್ಡೆಯಲ್ಲಿ ಗಾಯ ಇದ್ದಾಗ ಅದನ್ನು ಹಾಕಿದರೆ ಗಾಯ ಆಳವಾಗಿ ಕಣ್ಣೇ ಒಡೆಯಬಹುದು. ಮೆಡಿಕಲ್ ಸ್ಟೋರ್‌ನವರೂ ‘ನಾಯಿಗೆ’ ಅಂತ ಕೇಳಿದವರನ್ನು ಮೊದಲು ಪಶುವೈದ್ಯರ ಹತ್ತಿರ ಕಳಿಸಿದರೆ ಒಂದು ಕಣ್ಣು ಉಳಿದೀತು.

ಯಾವಾಗ ಆಸ್ಪತ್ರೆಗೆ?

ಕಣ್ಣು ಮುಚ್ಚಿಕೊಂಡೇ ಇದ್ದರೆ, ಹಳದಿ-ಹಸಿರು ಪಿಸುರು ಬಂದರೆ, ಕಣ್ಣಿನ ಮೇಲೆ ಬಿಳಿ ಅಥವಾ ನೀಲಿ ಮಬ್ಬು ಕಂಡರೆ, ಕಾಲಿನಿಂದ ಮುಖ ಕೆರೆದುಕೊಳ್ಳುತ್ತಲೇ ಇದ್ದರೆ ಅವತ್ತೇ ಪಶು ಆಸ್ಪತ್ರೆಗೆ ಕರೆದುಕೊಂಡು ಹೋಗಿ. ನಾಳೆ ನೋಡೋಣ ಅನ್ನಬೇಡಿ.

ಇನ್ನೊಂದು ಎಚ್ಚರಿಕೆ: ನಾಯಿ ಇದ್ದಕ್ಕಿದ್ದಂತೆ ಜೊಲ್ಲು ಸುರಿಸುತ್ತಾ, ದವಡೆ ಜೋತು ಬಿದ್ದು, ನಡವಳಿಕೆ ಬದಲಾಗಿದ್ದರೆ ಮುಖ ಒರೆಸೋಕೆ ಹೋಗಬೇಡಿ. ಅದು ರೇಬೀಸ್ ಇರಬಹುದು. ದೂರ ನಿಂತು ಪಶುವೈದ್ಯರಿಗೆ ತಿಳಿಸಿ. ಜೊಲ್ಲು ನಿಮ್ಮ ಕಣ್ಣು, ಬಾಯಿ ಅಥವಾ ಗಾಯಕ್ಕೆ ತಾಗಿದ್ದರೆ 15 ನಿಮಿಷ ತೊಳೆದು (ಗಾಯವಾದರೆ ಸೋಪು ಹಾಕಿ) ಕೂಡಲೇ ಸರ್ಕಾರಿ ಆಸ್ಪತ್ರೆಗೆ ಹೋಗಿ. ಮುಖ ಮುಟ್ಟಿ ಸಾಕುವ ನಾಯಿಗೆ ವರ್ಷಕ್ಕೊಮ್ಮೆ ರೇಬೀಸ್ ಲಸಿಕೆ ತಪ್ಪಿಸಬೇಡಿ, ಲಸಿಕೆ ಕಾರ್ಡ್ ಮನೆಯಲ್ಲಿ ಜೋಪಾನವಾಗಿ ಇಟ್ಟುಕೊಳ್ಳಿ.