ಬೂಟು ತೋರಿಸುವ ಹಕ್ಕು

ಸೈನ್ಯದ ಗೌರವ ವಂದನೆ ನಡೆಯುವಾಗ ನೋಡುವವರ ಕಣ್ಣು ಮೊದಲು ಹೋಗುವುದು ತಲೆಯ ಮೇಲಿನ ತುರಾಯಿಗೆ, ಎದೆಯ ಮೇಲಿನ ಪದಕಗಳಿಗೆ. ದಿರಿಸಿನ ನಿಯಮ ಬಲ್ಲವರು ಮಾತ್ರ ಮೊದಲು ನೋಡುವುದು ಕಾಲನ್ನು. ಷರಾಯಿ ಬೂಟಿನ ಮೇಲೆ ಇಳಿದಿದೆಯೋ, ಬೂಟು ಷರಾಯಿಯ ಮೇಲೆ ಏರಿದೆಯೋ ಎಂಬ ಒಂದೇ ಅಂಶದಿಂದ ಎದುರಿಗೆ ನಿಂತವನ ಕಸುಬು ಏನೆಂದು ಅವರು ಹೇಳಬಲ್ಲರು.

ವಿಧ್ಯುಕ್ತ ಸಮವಸ್ತ್ರದ ಜೊತೆ ಏನನ್ನು ತೊಡಬೇಕು, ಏನನ್ನು ತೊಡಬಾರದು ಎಂಬ ಬಗ್ಗೆ ಸೈನ್ಯಗಳು ಬರೆದಿಟ್ಟುಕೊಂಡ ನಿಯಮಗಳು ಪುಟಗಟ್ಟಲೆ ಇವೆ. ಬ್ರಿಟಿಷ್ ಮತ್ತು ಅಮೆರಿಕನ್ ಪದ್ಧತಿಯಲ್ಲಿ ಬೂಟಿಗೆ ಸಂಬಂಧಿಸಿದ ನಿಯಮಗಳ ತಿರುಳು ಮಾತ್ರ ಚಿಕ್ಕದು. ಕಾಲಿನಲ್ಲಿರುವುದು ಶೂ ಆಗಲಿ, ಗಿಡ್ಡ ಬೂಟಾಗಲಿ, ಸಾಮಾನ್ಯವಾಗಿ ಷರಾಯಿ ಅದನ್ನು ಮುಚ್ಚಿಕೊಂಡು ನೆಟ್ಟಗೆ ಇಳಿದಿರಬೇಕು. ಬೂಟು ಪೂರ್ತಿ ಕಾಣುವಂತೆ ತೊಡುವುದು ವಿನಾಯಿತಿ. ಅದು ದೊರೆತಿರುವುದು ಮುಖ್ಯವಾಗಿ ಇಬ್ಬರಿಗೆ: ಕುದುರೆ ಏರುವವನಿಗೆ ಮತ್ತು ವಿಮಾನದಿಂದ ಧುಮುಕುವವನಿಗೆ.

ಕುದುರೆ ಸವಾರನಿಗೆ ಎತ್ತರದ ಬೂಟು ಅಲಂಕಾರವಾಗಿ ಬಂದದ್ದಲ್ಲ. ರಿಕಾಪಿನ ಪಟ್ಟಿ ಮೀನಖಂಡವನ್ನು ಉಜ್ಜಿ ಗಾಯ ಮಾಡುತ್ತದೆ. ಕುದುರೆಯ ಬೆವರು ಬಟ್ಟೆಯನ್ನು ತೋಯಿಸುತ್ತದೆ. ಸಾಲುಗಟ್ಟಿ ದಾಳಿಗೆ ಹೊರಟಾಗ ಅಕ್ಕಪಕ್ಕದ ಸವಾರರ ಮೊಣಕಾಲುಗಳು ಒಂದಕ್ಕೊಂದು ತಾಗಿ ಜಜ್ಜಿಹೋಗುತ್ತವೆ. ಲಂಡನ್ನಿನಲ್ಲಿ ಇಂದಿಗೂ ಅರಮನೆಯ ಅಶ್ವದಳದವರು ತೊಡುವ, ಮೊಣಕಾಲನ್ನೂ ಮುಚ್ಚುವ ಗಡಸು ಚರ್ಮದ ‘ಜಾಕ್ ಬೂಟು’ ಈ ಕಾರಣದಿಂದಲೇ ಹುಟ್ಟಿದ್ದು. ಸವಾರನ ಬೂಟಿಗೆ ಹಿಮ್ಮಡಿ ಇರುವುದು ಪಾದ ರಿಕಾಪಿನ ಆಚೆಗೆ ಜಾರದಿರಲೆಂದು. ಲೇಸು ಇಲ್ಲದಿರುವುದು, ಕೆಳಗೆ ಬಿದ್ದಾಗ ಅದು ರಿಕಾಪಿಗೆ ಸಿಕ್ಕಿಕೊಂಡು ಕುದುರೆ ಸವಾರನನ್ನು ಎಳೆದೊಯ್ಯದಿರಲೆಂದು.

ಈ ಬೂಟನ್ನು ಷರಾಯಿಯ ಒಳಕ್ಕೆ ತಂದ ಕೀರ್ತಿ ವಾಟರ್ಲೂ ಯುದ್ಧದ ವಿಜಯಿ ವೆಲ್ಲಿಂಗ್ಟನ್ ಡ್ಯೂಕನದು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಬಿಗಿಯಾದ ಚಲ್ಲಣ ಹಿಂದೆ ಸರಿದು ಉದ್ದನೆಯ ಷರಾಯಿ ಬಳಕೆಗೆ ಬಂತು. ಕುಚ್ಚು ಕಟ್ಟಿದ ಹಳೆಯ ‘ಹೆಸಿಯನ್’ ಬೂಟು ಅದಕ್ಕೆ ಒಗ್ಗಲಿಲ್ಲ. ವೆಲ್ಲಿಂಗ್ಟನ್ ಲಂಡನ್ನಿನ ಸೇಂಟ್ ಜೇಮ್ಸ್ ಬೀದಿಯ ಹೋಬಿ ಎಂಬ ಬೂಟು ತಯಾರಕನಿಗೆ ಹೇಳಿ, ಕುಚ್ಚು ತೆಗೆಸಿ, ಮೆದುವಾದ ಕರುವಿನ ಚರ್ಮದಲ್ಲಿ ಕಾಲಿಗೆ ಅಂಟಿದಂತೆ ಕೂರುವ ಬೂಟು ಮಾಡಿಸಿಕೊಂಡ. ಅದಕ್ಕೆ ಆತನ ಹೆಸರೇ ನಿಂತಿತು.

ಅಲ್ಲಿಂದ ಮುಂದೆ ಸವಾರನ ದಿರಿಸಿಗೆ ಎರಡು ದಾರಿಗಳಾದವು. ಕುದುರೆಯ ಮೇಲಿನ ಕವಾಯತಿಗೆ ಎತ್ತರದ ಬೂಟು ಹೊರಗೆ. ರಾತ್ರಿಯ ಭೋಜನಕೂಟಕ್ಕೆ ಬೂಟು ಒಳಗೆ. ಭೋಜನಕೂಟದ ಬಿಗಿ ಷರಾಯಿಗೆ ಪಾದದ ಅಡಿಯಿಂದ ಒಂದು ಪಟ್ಟಿ ಇರುತ್ತದೆ, ಬಟ್ಟೆ ಮೇಲಕ್ಕೆ ಸರಿಯದಂತೆ. ಬೂಟಿನ ಹಿಮ್ಮಡಿಯೊಳಗೆ ಚಿಕ್ಕ ಲೋಹದ ಗೂಡು ಇರುತ್ತದೆ. ಕುದುರೆಯನ್ನು ತಿವಿಯುವ ಮುಳ್ಳನ್ನು, ಅಂದರೆ ‘ಸ್ಪರ್’ ಅನ್ನು, ಆ ಗೂಡಿಗೆ ಸಿಕ್ಕಿಸುತ್ತಾರೆ. ಬ್ರಿಟನ್ನಿನ ಅಶ್ವದಳಗಳು 1928ರಿಂದೀಚೆಗೆ ಒಂದೊಂದಾಗಿ ಕುದುರೆ ಬಿಟ್ಟು ಕವಚ ವಾಹನ, ಟ್ಯಾಂಕುಗಳನ್ನು ಏರಿದವು. ಆದರೂ ಆ ಪರಂಪರೆಯ ಅಧಿಕಾರಿಗಳ ಭೋಜನಕೂಟದ ದಿರಿಸಿನಲ್ಲಿ ಮುಳ್ಳು ಉಳಿದುಕೊಂಡಿತು. ಟ್ಯಾಂಕನ್ನು ಯಾರೂ ಹಿಮ್ಮಡಿಯಿಂದ ತಿವಿಯುವುದಿಲ್ಲ. ದಳದ ಹುಟ್ಟು ಎಲ್ಲಿಯದು ಎಂದು ಸಾರುವುದಷ್ಟೇ ಈಗ ಅದರ ಕೆಲಸ.

ಎರಡನೆಯವನ ಕಥೆ ಹೊಸದು, ಹೆಚ್ಚು ಬಿಸಿಯಾದದ್ದು. ಎರಡನೆಯ ಮಹಾಯುದ್ಧದ ಹೊತ್ತಿಗೆ ಅಮೆರಿಕ ಪ್ಯಾರಾಚೂಟ್ ದಳಗಳನ್ನು ಕಟ್ಟಿತು. ಅವರಿಗೆಂದೇ ವಿಶೇಷ ಬೂಟನ್ನು ರೂಪಿಸಿದವರು ವಿಲಿಯಂ ಯಾರ್ಬರೋ ಎಂಬ ತರುಣ ಅಧಿಕಾರಿ. ಹರಡು ತಿರುಚದಂತೆ ಎತ್ತರಕ್ಕೆ ಲೇಸು, ಗಟ್ಟಿಯಾದ ಮುಂತುದಿ, ಹಗ್ಗಕ್ಕೆ ಸಿಕ್ಕಿಕೊಳ್ಳದಂತೆ ಓರೆಯಾಗಿ ಕತ್ತರಿಸಿದ ಹಿಮ್ಮಡಿಯ ಅಂಚು. ಇಲ್ಲಿಯೂ ಪ್ರತಿಯೊಂದು ವಿವರ ಹುಟ್ಟಿದ್ದು ಕೆಲಸದಿಂದಲೇ. ಆದರೆ ಈ ಸೈನಿಕರು ಅದನ್ನು ಜಿಗಿತಕ್ಕಷ್ಟೇ ಇಟ್ಟುಕೊಳ್ಳಲಿಲ್ಲ. ರಜೆಯ ಮೇಲೆ ಊರಿಗೆ ಹೋಗುವಾಗಿನ ದಿರಿಸಿಗೂ ಅದನ್ನೇ ತೊಟ್ಟು, ಕನ್ನಡಿಯಂತೆ ಹೊಳಪು ಕೊಟ್ಟು, ಷರಾಯಿಯನ್ನು ಅದರೊಳಕ್ಕೆ ಸೇರಿಸಿ ನಡೆದರು. ಷರಾಯಿ ಇಳಿಬಿಟ್ಟ ಉಳಿದ ಸೈನಿಕರನ್ನು ‘ಲೆಗ್’ ಎಂದು ಹಂಗಿಸಿದರು. ಪ್ರಾಣ ಪಣಕ್ಕಿಟ್ಟು ಗಳಿಸಿದ ಬೂಟು ವಿಮಾನದ ಬಾಗಿಲನ್ನೇ ಕಾಣದವನ ಕಾಲಲ್ಲಿ ಕಂಡರೆ ಅವರಿಗೆ ಸಹಿಸುವುದು ಸಾಧ್ಯವಿರಲಿಲ್ಲ. ಇಂಥ ಬೂಟಿಗಾಗಿ ಹೊಡೆದಾಟಗಳೇ ನಡೆದವು.

ಈ ಹೆಮ್ಮೆಯನ್ನು ಅಮೆರಿಕದ ಸೈನ್ಯ ಕಡೆಗೆ ನಿಯಮದ ಚೌಕಟ್ಟಿಗೆ ತಂದಿತು. ಪ್ಯಾರಾಚೂಟ್ ದಳ, ವಿಶೇಷ ಪಡೆ ಮೊದಲಾದ ಕೆಲವೇ ದಳಗಳಲ್ಲಿ ಸೇವೆಯಲ್ಲಿರುವವರು ವಿಧ್ಯುಕ್ತ ಸಮವಸ್ತ್ರಕ್ಕೆ ಬೂಟು ತೊಡಬಹುದು. ಷರಾಯಿಯ ಅಂಚನ್ನು ಒಳಕ್ಕೆ ಮಡಚಿ, ಬೂಟಿನ ಬಾಯಿಯ ಮೇಲೆ ತುಸು ಉಬ್ಬಿ ನಿಲ್ಲುವಂತೆ ಸೇರಿಸಬೇಕು. ಕಾಲಿಗೆ ಸುತ್ತಿದಂತೆ ಬಿಗಿಯಬಾರದು. ಇವೆಲ್ಲಕ್ಕಿಂತ ಮುಖ್ಯವಾದ ಮಾತು ಇನ್ನೊಂದಿದೆ. ಜಿಗಿತದ ತರಬೇತಿ ಮುಗಿಸಿದವನಿಗೆ ಎದೆಯ ಮೇಲೆ ರೆಕ್ಕೆಯ ಲಾಂಛನ ಸಿಗುತ್ತದೆ. ಆತ ಮುಂದೆ ಯಾವ ದಳಕ್ಕೆ ಹೋದರೂ ಅದು ಉಳಿಯುತ್ತದೆ. ಬೂಟು ಹಾಗಲ್ಲ. ಇಂಥ ದಳದಿಂದ ಸಾಮಾನ್ಯ ದಳಕ್ಕೆ ವರ್ಗವಾದರೆ ಬೂಟನ್ನು ಪೆಟ್ಟಿಗೆಯಲ್ಲಿಟ್ಟು ಎಲ್ಲರಂತೆ ಶೂ ತೊಡಬೇಕು. ಲಾಂಛನ ಹೇಳುವುದು ಹಿಂದೆ ಮಾಡಿದ್ದನ್ನು. ಬೂಟು ಹೇಳುವುದು ಈಗ ಮಾಡುತ್ತಿರುವುದನ್ನು. ಸೈನಿಕನ ದಿರಿಸಿನಲ್ಲಿ ಇವೆರಡನ್ನೂ ಬೇರೆಬೇರೆಯಾಗಿ ಓದಬೇಕಾಗುತ್ತದೆ.

ಬಣ್ಣದಲ್ಲೂ ಚರಿತ್ರೆಯಿದೆ. ಆ ಯುದ್ಧಕಾಲದ ಬೂಟು ಕಂದು. 1950ರ ದಶಕದ ಉತ್ತರಾರ್ಧದಲ್ಲಿ ಸೈನ್ಯ ಕಪ್ಪಿಗೆ ಬದಲಾಯಿಸಿದಾಗ ಸೈನಿಕರು ಇದ್ದ ಬೂಟಿಗೇ ಕಪ್ಪು ಬಣ್ಣ ಬಳಿದುಕೊಂಡರು. ‘ಕಂದು ಬೂಟಿನ ಸೈನ್ಯ’ ಎಂದರೆ ಹಳೆಯ ತಲೆಮಾರಿನವರು ಎಂಬ ಅರ್ಥ ಬಂತು. 2018ರಲ್ಲಿ ಅಮೆರಿಕದ ಸೈನ್ಯ ಮಹಾಯುದ್ಧದ ಮಾದರಿಯ ಹಸಿರು ಸಮವಸ್ತ್ರವನ್ನು ಮತ್ತೆ ತರುವುದಾಗಿ ಪ್ರಕಟಿಸಿತು. ಅದರೊಂದಿಗೆ ಕಂದು ಬಣ್ಣವೂ ಮರಳಿತು.

ಕುದುರೆ, ಪ್ಯಾರಾಚೂಟ್ ಎರಡೂ ಒಬ್ಬನೇ ಸೈನಿಕನಲ್ಲಿ ಕೂಡಿರುವುದನ್ನು ನೋಡಬೇಕಾದರೆ ದೆಹಲಿಯ ರಾಷ್ಟ್ರಪತಿ ಅಂಗರಕ್ಷಕ ದಳದತ್ತ ತಿರುಗಬೇಕು. 1773ರಲ್ಲಿ ವಾರನ್ ಹೇಸ್ಟಿಂಗ್ಸ್ ವಾರಾಣಸಿಯಲ್ಲಿ ಕಟ್ಟಿದ ಈ ದಳವನ್ನು 1944ರಲ್ಲಿ ವಾಯುವಾಹಿತ ವಿಭಾಗವೊಂದರ ಬೇಹಿನ ತುಕಡಿಯಾಗಿ ಮಾರ್ಪಡಿಸಲಾಗಿತ್ತು. ಇಂದಿಗೂ ಇದರ ಯೋಧರು ಪ್ಯಾರಾಚೂಟ್ ತರಬೇತಿ ಪಡೆದವರು. ಆದರೆ ವಿಧ್ಯುಕ್ತ ದಿರಿಸಿನಲ್ಲಿ ಅವರ ಕಾಲು ಸಾರುವುದು ಸವಾರಿಯನ್ನೇ: ಬಿಳಿಯ ಚಲ್ಲಣ, ಅದರ ಮೇಲೆ ಮೊಣಕಾಲಿನವರೆಗಿನ ಕಪ್ಪು ಬೂಟು, ಹಿಮ್ಮಡಿಯಲ್ಲಿ ಮುಳ್ಳು. ರಾಷ್ಟ್ರಪತಿ ಭವನದ ಮೆಟ್ಟಿಲುಗಳ ಮೇಲೆ ಕುದುರೆಯಿಲ್ಲದೆ ನಿಂತಾಗಲೂ ಅದು ಬದಲಾಗುವುದಿಲ್ಲ.

ಕನ್ನಡನಾಡಿಗೂ ಈ ಪರಂಪರೆ ದೂರದ್ದಲ್ಲ. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಗೆದ್ದವರಲ್ಲಿ ಜೋಧಪುರದವರ ಜೊತೆ ಮೈಸೂರು ಲ್ಯಾನ್ಸರ್ಸ್ ದಳದ ಸವಾರರೂ ಇದ್ದರು. ಸಂಸ್ಥಾನಗಳ ವಿಲೀನದ ನಂತರ, 1953ರಲ್ಲಿ ರೂಪುಗೊಂಡು ಮುಂದೆ 61ನೆಯ ಅಶ್ವದಳವೆಂದು ಹೆಸರಾದ ಸೇನಾದಳದಲ್ಲಿ ಮೈಸೂರಿನ ಸವಾರರೂ ಸೇರಿಹೋದರು. ದಸರೆಯ ಮೆರವಣಿಗೆಯಲ್ಲಿ ಸಾಗುವ ಪೊಲೀಸ್ ಅಶ್ವಾರೋಹಿಗಳ ಬೂಟನ್ನು ಮೈಸೂರಿನವರು ಪ್ರತಿ ವರ್ಷ ನೋಡುತ್ತಾರೆ.

ತೊಟ್ಟವನೇ ಇಲ್ಲದ ಬೂಟಿಗೂ ಒಂದು ನಿಯಮವಿದೆ. 1963ರ ನವೆಂಬರ್ 25ರಂದು ವಾಷಿಂಗ್ಟನ್ನಿನಲ್ಲಿ ಅಧ್ಯಕ್ಷ ಕೆನಡಿಯವರ ಶವಯಾತ್ರೆ ಸಾಗಿದಾಗ, ಪೆಟ್ಟಿಗೆ ಹೊತ್ತ ಬಂಡಿಯ ಹಿಂದೆ ಬ್ಲ್ಯಾಕ್ ಜ್ಯಾಕ್ ಎಂಬ ಕಪ್ಪು ಕುದುರೆ ಸವಾರನಿಲ್ಲದೆ ನಡೆಯಿತು. ಅದರ ರಿಕಾಪುಗಳಲ್ಲಿ ಒಂದು ಜೊತೆ ಸವಾರಿ ಬೂಟುಗಳಿದ್ದವು. ಅವುಗಳ ತುದಿ ಹಿಂದಕ್ಕೆ ತಿರುಗಿತ್ತು. ಯಜಮಾನ ಇನ್ನೆಂದೂ ಈ ಕುದುರೆ ಏರುವುದಿಲ್ಲ, ತನ್ನವರನ್ನು ಕೊನೆಯ ಬಾರಿ ತಿರುಗಿ ನೋಡುತ್ತಿದ್ದಾನೆ ಎಂಬುದು ಅದರ ಅರ್ಥ.